ಹೆಸರು ಹೇಳದವರ ಫೋನು

ಬೆಟಗೇರಿಯ ನೇಕಾರ ಓಣಿಯಲ್ಲಿ ಕಾಂಚನಾಳ ಬಗ್ಗೆ ಎರಡು ಮಾತು ಚಾಲ್ತಿಯಲ್ಲಿದ್ದವು. ಒಂದು, ಈಕಿ ಮಂದಿಯ ಮುಖ ನೋಡಂಗಿಲ್ಲ, ಬೆರಳು ನೋಡ್ತಾಳ. ಇನ್ನೊಂದು, ಗಂಡನ್ನ ಕರು ಕರದಂಗ ಹೆಸರು ಹಿಡದು ಕರೀತಾಳ.

ಎರಡೂ ಖರೆ. ಸಕ್ಕರೆ ಕೇಳಲು ಬಂದವರ ಕೈಯಲ್ಲಿ ಫೋನು ಕಂಡಿತೋ ಮುಗೀತು, ಬಟ್ಟಲನ್ನು ಪಕ್ಕಕ್ಕಿಟ್ಟು, "ಒಂದ ಸಲ ನಿಮ್ಮ ತಂಗಿಗೆ ಫೋನ್ ಹಚ್ರಿ, ನಾ ನೋಡ್ತೇನಿ" ಅನ್ನುತ್ತಿದ್ದಳು. ಅವರು ಹಚ್ಚುವಾಗ ಬೆರಳು ಎಲ್ಲಿ ಹೋಯಿತು, ಎಲ್ಲಿ ಅನುಮಾನಿಸಿತು, ಎಲ್ಲಿ ಸುಮ್ಮನೆ ಗಾಳಿಯಲ್ಲಿ ನಿಂತಿತು, ಎಲ್ಲವನ್ನೂ ಬೆಕ್ಕು ಇಲಿ ಬಿಲವನ್ನು ನೋಡಿದಂತೆ ನೋಡುವುದು. ಸಕ್ಕರೆ ಕೈಗೆ ಬಂದು ಮನೆ ಮುಟ್ಟುವಷ್ಟರಲ್ಲಿ ಒಲೆಯ ಮೇಲಿನ ಚಹಾ ಕಷಾಯವಾಗಿರುತ್ತಿತ್ತು.

ಇನ್ನು ಹೆಸರಿನ ಮಾತು. ಅವರದು ಮಹಡಿ ಮೇಲಿನ ಬಾಡಿಗೆ ಮನೆ. ಗಂಡ ಮೌನೇಶನದು ಎದುರಿಗೇ ಮೋಟಾರು ರಿಪೇರಿ ಅಂಗಡಿ, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಕೆಲಸ. ಊಟದ ಹೊತ್ತಿಗೆ ಕಾಂಚನಾ ಕಿಟಕಿಯಲ್ಲಿ ನಿಂತು, "ಮೌನೇಶಾ, ರೊಟ್ಟಿ ಆರತಾವ" ಎಂದು ಕೂಗಿದಳೆಂದರೆ ಅಕ್ಕಪಕ್ಕದ ಮಗ್ಗಗಳು ಒಂದು ಏಟು ತಪ್ಪುತ್ತಿದ್ದವು. ಕೆಳಗಿನ ಮನೆಯ ಮಾಲಕಿ ಜಾನಕೀಬಾಯಿ ತುಳಸಿಗೆ ನೀರು ಹಾಕುತ್ತಿದ್ದವರು ತಂಬಿಗೆಯನ್ನು ಅಲ್ಲೇ ಹಿಡಿದು ನಿಲ್ಲುತ್ತಿದ್ದರು.

"ಕಾಂಚನಾ, ಗಂಡನ ಹೆಸರು ಬಾಯಾಗ ತಂದ್ರ ಅವನ ಆಯುಷ್ಯ ಕಡಿಮಿ ಆಗ್ತದವಾ."

ಉತ್ತರ ಅಂಗಡಿಯಿಂದ ಬರುತ್ತಿತ್ತು. "ಕಾಕೂ, ದಿನಾ ಕರೆಂಟಿನ ಜೋಡಿ ಹುಡುಗಾಟ ಆಡಾಂವ ನಾ. ಹೆಸರಿಗೆ ಅಂಜತೇನೇನ್ರಿ?"

ಓಣಿಯ ಈ ಎರಡು ಮಾತುಗಳಲ್ಲಿ ಮೊದಲನೆಯದು ಕಾಂಚನಾಳಿಗೆ ಅನ್ನ ಹಾಕಿತು. ಎರಡನೆಯದು ಆಕೆಯನ್ನು ಒಂದು ಸಲ ಮುಗ್ಗರಿಸಿ ಬೀಳಿಸಿತು. ಬಿದ್ದದ್ದನ್ನೂ ಎದ್ದದ್ದನ್ನೂ ಹೇಳುತ್ತೇನೆ, ನಡುನಡುವೆ ಹೂಂ ಅನ್ನುತ್ತ ಇರಿ.

ಕಾಂಚನಾ ಹೊಂಬಳದವಳು. ತಂದೆಗೆ ಎರೆ ಹೊಲ, ಮನೆ ತುಂಬ ದನ. ಓದಿ ಇಂಜಿನಿಯರ್ ಆಗಿ, ಹುಬ್ಬಳ್ಳಿಯ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಮಾಡುತ್ತಿದ್ದಾಗ, ಅಪ್ಪನಿಗೊಂದು ಗಾಜಿನ ಫೋನು ತಂದುಕೊಟ್ಟಳು. ಅಪ್ಪ ಒತ್ತುತ್ತಾನೆ, ಅದು ಕೇಳುವುದಿಲ್ಲ. ಮತ್ತೆ ಒತ್ತುತ್ತಾನೆ, ಕಲ್ಲಿಗೆ ಒತ್ತಿದಂತೆ. ಮಿಣಿ ಎಳೆದು, ಕುಂಟೆ ಹಿಡಿದು ಅವನ ಬೆರಳ ತುದಿ ಒಣ ಎರೆಯ ಹಾಗೆ ಬಿರುಕು ಬಿಟ್ಟು ಗಟ್ಟಿಯಾಗಿತ್ತು. ಗಾಜಿಗೆ ಅದು ಬೆರಳು ಅಂತಲೇ ಗೊತ್ತಾಗುತ್ತಿರಲಿಲ್ಲ. ಅಪ್ಪ ಫೋನನ್ನು ಮೆಲ್ಲಗೆ ಮಗಳ ಕೈಗಿಟ್ಟು, "ನಮ್ಮ ಬೆರಳ ಇದಕ್ಕ ಒಗ್ಗಂಗಿಲ್ಲವಾ" ಅಂದ. ತಪ್ಪು ಮಾಡಿದವರಂತೆ ಅಂದ. ಅದು ಆಕೆಗೆ ಹತ್ತಿಕೊಂಡಿತು. ದುಡಿದ ಬೆರಳು ಯಾಕೆ ತಪ್ಪಿತಸ್ಥ ಆಗಬೇಕು? ಗಾಜೇ ಬೆರಳಿಗೆ ಒಗ್ಗಲಿ. ಅಂದಿನಿಂದ ಆಕೆ ಏನು ಮಾಡಿದರೂ ಮೊದಲು ಬೆರಳು ನೋಡಿಯೇ ಮಾಡುವುದು.

ಮದುವೆಯಾಗಿ ಬೆಟಗೇರಿಗೆ ಬಂದ ಮೇಲೆ ಮನೆಯಲ್ಲಿಯೇ ಕೂತು ಕೆಲಸ ಹಿಡಿದಳು. ಗಿರಣಿಯ ಪಾಳಿಗೆ, ಔಷಧಿ ಅಂಗಡಿಗೆ, ಶಾಲೆಯ ಬಸ್ಸಿಗೆ ಸಣ್ಣಸಣ್ಣ ಸಾಫ್ಟ್‌ವೇರು. ಆಕೆ ಮಾಡಿದ್ದು ನಡೆಯುತ್ತದೆ ಎಂಬ ಹೆಸರೂ ಬಂತು. ಆಗ ಕರೆ ಬಂದದ್ದು ಹೈನದ ಸಂಘದಿಂದ.

ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸುತ್ತಿನ ಹಳ್ಳಿಗಳಲ್ಲಿ ಹಾಲು ಹಾಕುವವರ ಸಂಘ ಅದು. ಅಧ್ಯಕ್ಷರು ಕುರ್ತಕೋಟಿಯ ಅಂದಾನಪ್ಪನವರು, ಬಿಳಿ ಟವೆಲ್ಲು ಹೆಗಲಿಗಿಲ್ಲದೆ ಯಾರೂ ಅವರನ್ನು ಕಂಡವರಿಲ್ಲ. ದನಕ್ಕೆ ಜಡ್ಡಾದಾಗ ಸಂಘದ ದನದ ಡಾಕ್ಟರನ್ನು ಕರೆಸಲು ಒಂದು ವ್ಯವಸ್ಥೆ ಬೇಕಾಗಿತ್ತು. ಹೊರಗಿನ ಒಂದು ಕಂಪನಿ ತಯಾರಿದ್ದ ಆ್ಯಪ್ ತೋರಿಸಿ ಹೋಗಿತ್ತು. ಎಮ್ಮೆಯ ಫೋಟೋ ತೆಗೆ, ರೋಗದ ಚಿತ್ರ ಒತ್ತು, ಡಾಕ್ಟರ್ ಬರುತ್ತಾರೆ. ಅಂದಾನಪ್ಪನವರಿಗೆ ಅದು ಮನಸ್ಸಿಗೆ ಬಂದಿತ್ತು.

ಕಾಂಚನಾ ಕೇಳಿದ್ದು ಒಂದೇ: ಹಗಲು ಹೊತ್ತು ದನ ಕಾಯುವವರು ಯಾರು? ಹೆಂಗಸರು. ಗಾಜಿನ ಫೋನು ಯಾರ ಕಿಸೆಯಲ್ಲಿರುತ್ತದೆ? ಗಂಡಸರ ಕಿಸೆಯಲ್ಲಿ. ಮನೆಯಲ್ಲಿ ಉಳಿಯುವುದು ಗುಂಡಿ ಸವೆದ ಹಳೆಯ ಫೋನು. ಅದಕ್ಕೇ ತಾನು ಒತ್ತುವ ಕೆಲಸವೇ ಇಲ್ಲದ ಒಂದು ಲೈನು ಮಾಡಿಕೊಡುತ್ತೇನೆ ಅಂದಳು. ಫೋನು ಹಚ್ಚಿದರೆ ದನಿಯೊಂದು ಪ್ರಶ್ನೆ ಕೇಳುತ್ತದೆ, ಬಾಯಿಬಿಟ್ಟು ಹೇಳಿದರೆ ಆಯಿತು, ಆ ಮಾತು ಡಾಕ್ಟರಿಗೆ ಮುಟ್ಟುತ್ತದೆ.

ಅಂದಾನಪ್ಪನವರು ವಿಚಾರ ಮಾಡಿ ಹೇಳಿದರು. "ನೋಡವಾ, ದೀಪಾವಳಿ ತನಕಾ ನಡಸೂಣು. ಹೆಣ್ಮಕ್ಕಳು ಮಾತಾಡಿದ್ರ ನಿನ್ನ ಲೈನ್. ಇಲ್ಲಂದ್ರ ಕಂಪನಿಯವರ ಆ್ಯಪ್."

ಆ್ಯಪ್ ಬಂದರೆ ಅರ್ಧ ಹೆಂಗಸರು ಹೊರಗೇ ಉಳಿಯುತ್ತಾರೆ, ದನದ ಜಡ್ಡು ಗಂಡಸರು ಸಂಜೆ ಮನೆಗೆ ಬರುವ ತನಕ ಕಾಯಬೇಕಾಗುತ್ತದೆ. ಕಾಂಚನಾಳಿಗೆ ಅದು ಗೊತ್ತಿತ್ತು. ಆದರೂ ಆಕೆಗೆ ಭಯವಿರಲಿಲ್ಲ. ಬೆರಳಿನ ತೊಂದರೆಯನ್ನೇ ತೆಗೆದುಹಾಕಿದ ಮೇಲೆ ಇನ್ನೇನು ಉಳಿಯಿತು?

ಶ್ರಾವಣದಲ್ಲಿ ಗದಗಿನ ಸಂಘದ ಸಭಾಂಗಣದಲ್ಲಿ ಪರೀಕ್ಷೆ ನಡೆಯಿತು. ಊರೂರಿನಿಂದ ಬಂದ ಹೆಂಗಸರು, ಗಂಡಸರು ಒಬ್ಬೊಬ್ಬರಾಗಿ ಫೋನಿಗೆ ಮಾತಾಡಿದರು. ಖಾತೆದಾರರ ಹೆಸರು, ಊರು, ದನಕ್ಕೆ ಏನಾಗಿದೆ, ಮೂರೇ ಪ್ರಶ್ನೆ. ಲಕ್ಷ್ಮೇಶ್ವರದ ಇಸ್ಮಾಯಿಲಸಾಬ ಎರಡು ಎಮ್ಮೆ ಸಾಕಿದ ಮುದುಕ, ಕಣ್ಣು ಮಬ್ಬು. ಆತ ಮಾತಾಡಿ ಮುಗಿಸಿ ಗಡ್ಡ ಕೆರೆದುಕೊಂಡ. "ಎಲ್ಲಾ ಛಲೋ ಐತಿ ಬೇಟಾ. ಆದ್ರ ನಾ ಹೇಳಿದ್ದು ಅದಕ್ಕ ಮುಟ್ಟಿತೋ ಇಲ್ಲೋ ನನಗ ಹೆಂಗ ಗೊತ್ತಾಗಬೇಕು? ಕತಿ ಕೇಳಾವ್ರು ಹೂಂ ಅನ್ನಂಗಿಲ್ಲೇನು, ಹಂಗ ಒಂದ ಹೂಂ ಹಾಕು." ಕಾಂಚನಾ ಅಲ್ಲೇ ನಕ್ಕು, ಅದೇ ವಾರ ಪ್ರತಿ ಉತ್ತರದ ನಂತರ ಲೈನು "ಹೂಂ" ಅನ್ನುವಂತೆ ಮಾಡಿದಳು. ಎಲ್ಲರಿಗಿಂತ ಹೆಚ್ಚು ಮೆಚ್ಚಿಕೆ ಗಳಿಸಿದ್ದು ಆ ಹೂಂ.

ಲೈನು ಶುರುವಾಯಿತು. ಗಂಡಸರು ಮಾತಾಡಿದರು. ಇಸ್ಮಾಯಿಲಸಾಬ ಎಮ್ಮೆಗೆ ಏನಾಗದಿದ್ದರೂ ಒಂದೆರಡು ಸಲ ಮಾತಾಡಿದ. ಹೆಂಗಸರು ಫೋನು ಹಚ್ಚುತ್ತಿದ್ದರು, ಮೊದಲ ಪ್ರಶ್ನೆ ಕೇಳಿಸಿಕೊಳ್ಳುತ್ತಿದ್ದರು, ಇಟ್ಟುಬಿಡುತ್ತಿದ್ದರು. ಶಿರಹಟ್ಟಿ ಸೀಮೆಯಿಂದ ಹಾಗೆ, ಮುಂಡರಗಿಯಿಂದ ಹಾಗೆ. ಬಳೆ ಸದ್ದು ಬರುತ್ತಿತ್ತು, ಉಸಿರು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.

ನೆಟ್‌ವರ್ಕ್ ಇರಬೇಕು ಅಂದ ಮೌನೇಶ. ಹೆಣ್ಣುಮಕ್ಕಳಿಗೆ ಫೋನಿನಲ್ಲಿ ಮಾತಾಡುವ ರೂಢಿಯಿಲ್ಲ ಅಂದರು ಅಂದಾನಪ್ಪನವರು. ರೂಢಿಯಿಲ್ಲದೇನು, ತವರಿಗೆ ಫೋನು ಹಚ್ಚಿದರೆ ಬ್ಯಾಟರಿ ಮುಗಿಯುವ ತನಕ ಮಾತಾಡುವವರು ಅವರು. ಕಾಂಚನಾ ದನಿ ಜೋರು ಮಾಡಿದಳು, ಉತ್ತರಕ್ಕೆ ಹೆಚ್ಚು ಹೊತ್ತು ಕೊಟ್ಟಳು, ಕಚೇರಿ ಕನ್ನಡ ತೆಗೆದು ಮನೆ ಮಾತು ಹಾಕಿದಳು. "ಖಾತೆ ಯಾರ ಹೆಸರಲೆ ಐತಿ, ಹೇಳ್ರಿ." ಬಳೆ ಸದ್ದು, ಉಸಿರು, ಕಟ್.

ದಸರೆ ಹತ್ತಿರ ಬಂತು. ಒಂದು ಮುಂಜಾನೆ ಆಕೆ ಲ್ಯಾಪ್‌ಟಾಪು ಮುಚ್ಚಿ, ಶಿರಹಟ್ಟಿ ಬಸ್ಸು ಹತ್ತಿದಳು.

ಶಿರಹಟ್ಟಿಯಿಂದ ಸ್ವಲ್ಪ ಒಳಗಿನ ಹಳ್ಳಿಯಲ್ಲಿ ಮರಿಯವ್ವನ ಮನೆ. ಮೂರು ಸಲ ಕರೆ ಬಂದು ಕಟ್ಟಾದ ನಂಬರು ಈಕೆಯ ಮನೆಯದು ಎಂದು ಊರಿನ ಡೇರಿಯವರು ಗುರುತು ಹೇಳಿದ್ದರು. ಗಟ್ಟಿ ಹೆಂಗಸು, ಮಾತಿನ ಮಲ್ಲಿ. ತುಂಬಿದ ಎಮ್ಮೆಯೊಂದು ಅಂಗಳದ ಗ್ವಾದಲಿಯಲ್ಲಿ ಹಾಕಿದ ಜೋಳದ ಕಣಕಿ ಮೇಯುತ್ತ ನಿಂತಿತ್ತು, ದೀಪಾವಳಿ ಹೊತ್ತಿಗೆ ಈಯುತ್ತದೆ ಅಂದಳು. ಹೋದೊಡನೆ ರೊಟ್ಟಿ, ಶೇಂಗಾ ಹಿಂಡಿ, ಕೆನೆ ಮೊಸರು. ಉಂಡ ಮೇಲೆ ಕಾಂಚನಾ, ಯಕ್ಕಾ, ನನ್ನ ಎದುರಿಗೇ ಒಂದು ಸಲ ಫೋನು ಹಚ್ಚಿ ನೋಡು ಅಂದಳು. ರೂಢಿಯಂತೆ ಬೆರಳು ನೋಡುತ್ತ ಕೂತಳು.

ಬೆರಳು ಸರಿಯಾಗಿಯೇ ಹೋಯಿತು. ಲೈನು ಕೇಳಿತು, ಖಾತೆ ಯಾರ ಹೆಸರಲೆ ಐತಿ. ಮರಿಯವ್ವ ಸೆರಗನ್ನು ಬಾಯಿಗೆ ತಂದಳು. ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಫೋನು ಇಟ್ಟಳು.

"ಯಕ್ಕಾ, ಬಾಗಲಾ ಯಾಕ ನೋಡಿದಿ?"

"ಮಂದಿ ಯಾರರ ಇದ್ರ ಹೇಳ್ತಾರಂತ."

"ಏನ?"

"ಅವರ ಹೆಸರ. ನಾ ಹೆಂಗ ಹೇಳೂದ ತಂಗಿ?"

ಕಾಂಚನಾ ಬೆರಳಿನಿಂದ ಕಣ್ಣೆತ್ತಿದಳು. ಗದಗಿನ ಸಭಾಂಗಣ ಕಣ್ಣ ಮುಂದೆ ಬಂತು. ಅಲ್ಲಿ ಪ್ರತಿಯೊಬ್ಬಾಕೆಯ ಮಗ್ಗುಲಲ್ಲಿ ಇನ್ನೊಬ್ಬಾಕೆ ನಿಂತಿದ್ದಳು. ಹೆಸರು ಕೇಳಿದಾಗ ಹೇಳಿದ್ದು ಆ ಮಗ್ಗುಲಿನವಳು! ಇವಳ ಗಂಡನ ಹೆಸರು ಅವಳು, ಅವಳ ಗಂಡನ ಹೆಸರು ಇವಳು, ಸಾಲು ಹಿಡಿದು. ತಾನು ಬೆರಳು ನೋಡುತ್ತ ಬಾಯಿ ನೋಡಿರಲಿಲ್ಲ. ದಿನಾ ಕಿಟಕಿಯಲ್ಲಿ ಮೌನೇಶಾ ಎಂದು ಕೂಗುವವಳಿಗೆ ಇಂಥದ್ದೊಂದು ಇರಬಹುದು ಎಂದು ಹೊಳೆಯುವುದಾದರೂ ಹೇಗೆ? ಜಾನಕೀಬಾಯಿಯವರು ವರ್ಷಾನುಗಟ್ಟಲೆ ಅದನ್ನೇ ಹೇಳಿದ್ದರು. ಆಕೆ ಅದನ್ನು ಬೈಗುಳ ಎಂದುಕೊಂಡಿದ್ದಳೇ ಹೊರತು ಕೆಲಸದ ಮಾತು ಎಂದುಕೊಂಡಿರಲಿಲ್ಲ.

ಆದರೂ ಒಂದು ಸಲ ವಾದ ಮಾಡಿ ನೋಡಿದಳು. ಆ ಕಡೆ ಇರುವುದು ಮನುಷ್ಯರಲ್ಲ, ಮಷೀನು, ಅದರ ಮುಂದೆ ಎಂಥ ನಾಚಿಕೆ?

"ಅದು ಮಷೀನ ಆದ್ರೇನು," ಅಂದಳು ಮರಿಯವ್ವ, "ಹೇಳೂ ಬಾಯಿ ನಂದ ಅಲ್ಲೇನು?"

ಆಮೇಲೆ ಅತಿಥಿಯ ಮುಖ ಸಣ್ಣದಾದದ್ದು ಕಂಡು ಮರಿಯವ್ವನಿಗೇ ಕನಿಕರ ಬಂತು. ಹಂಗೂ ಹೇಳಲೇಬೇಕಂದರೆ ಒಡಪು ಹಾಕಿ ಹೇಳುತ್ತೇನೆ ಅಂದಳು. ಮದುವೆ, ಸೀಮಂತ, ಹೊಸ್ತಿಲು ದಾಟುವ ಹೊತ್ತು, ಹೆಂಗಸರು ಗಂಡನ ಹೆಸರನ್ನು ಪದದೊಳಗೆ ಸುತ್ತಿ ಹೇಳುವುದು ಈ ಸೀಮೆಯ ಪದ್ಧತಿ. ಪದದೊಳಗೆ ಹೋದ ಹೆಸರಿಗೆ ದೋಷವಿಲ್ಲ. ಗಂಟಲು ಸರಿ ಮಾಡಿಕೊಂಡು, ಎಮ್ಮೆಯ ಕಡೆ ನೋಡಿ ಅಂದಳು:

"ಕರಿ ಎಮ್ಮಿ ಕೊರಳಾಗ ಕಟ್ಟೀನಿ ಕಂಚಿನ ಗಂಟಿ,
ಲಕ್ಕಪ್ಪನವರು ಇರೂತನಕ ನಾ ಅಲ್ಲ ಒಂಟಿ."

ಹಿತ್ತಲಲ್ಲಿ ಕಟ್ಟಿಗೆ ಒಡೆಯುತ್ತಿದ್ದ ಲಕ್ಕಪ್ಪನ ಕೊಡಲಿ ಸದ್ದು ಸ್ವಲ್ಪ ಹೊತ್ತು ನಿಂತಿತ್ತು.

ತಿರುಗಿ ಬರುವ ಬಸ್ಸಿನಲ್ಲಿ ಕಾಂಚನಾ ಒಬ್ಬಳೇ ನಗುತ್ತ ಬಂದಳು. ತೊಂದರೆ ಯಾವುದು ಎಂದು ಗೊತ್ತಾದ ಮೇಲೆ ಆಕೆಗೆ ಅರ್ಧ ಗೆದ್ದಂತೆಯೇ. ಹಳ್ಳಿಯಲ್ಲಿ ಹೆಂಗಸರನ್ನು ಮಕ್ಕಳ ಹೆಸರಿನಿಂದಲೇ ಕರೆಯುತ್ತಾರಲ್ಲ, ಸಿದ್ದಾರೂಢನ ಅವ್ವ, ಸ್ನೇಹಾಳ ಅವ್ವ ಅಂತ. ಹಾಗೇ ಕೇಳೋಣ ಎಂದು ಮರುದಿನವೇ ಪ್ರಶ್ನೆ ಬದಲಿಸಿದಳು: "ನೀವು ಯಾರ ಅವ್ವ, ಹೇಳ್ರಿ." ಲೈನಿನಲ್ಲಿ ಮಾತು ಹರಿಯತೊಡಗಿತು. ಓಣಿಗೆಲ್ಲ ಪೇಢೆ ಹಂಚುವವಳಿದ್ದಳು, ಅಷ್ಟರಲ್ಲಿ ಮುಂಡರಗಿಯಿಂದ ಒಂದು ಕರೆ ಬಂತು. ಯಂತ್ರ ಹೂಂ ಅಂದು ಹಿಡಿದಿಟ್ಟ ಆ ಮಾತು ಇಷ್ಟೇ:

"ಮಕ್ಕಳಿಲ್ಲದವ್ರ ಎಮ್ಮಿಗೆ ಜ್ವರಾ ಬರಬಾರದೇನು?"

ಮೌನೇಶ ಅದನ್ನು ಕೇಳಿ, ಕೈಯಲ್ಲಿದ್ದ ತಂತಿ ಸುರುಳಿ ಕೆಳಗಿಟ್ಟ. ಕಾಂಚನಾ ಮೊದಲು ಆ ನಂಬರಿಗೆ ತಿರುಗಿ ಹಚ್ಚಿ ಮನೆ ಎಲ್ಲೆಂದು ಕೇಳಿಕೊಂಡು, ಡಾಕ್ಟರಿಗೆ ತಾನೇ ಫೋನು ಮಾಡಿ ಆ ಎಮ್ಮೆಯ ಕಡೆ ಕಳಿಸಿದಳು. ಆಮೇಲೆ ತಾನೂ ಮುಂಡರಗಿಗೆ ಹೋದಳು.

ಮಾತಾಡಿದವಳು ಮಂಜವ್ವ. ಸಿಟ್ಟಿನಲ್ಲಿ ಇರುತ್ತಾಳೆಂದು ಹೋದರೆ ಆಕೆ ಚಹಾಕ್ಕೆ ಇಟ್ಟಳು. ಎಮ್ಮೆಯ ಜ್ವರ ಇಳಿದಿತ್ತು. ಕಾಂಚನಾ ತಪ್ಪಾಯಿತು ಅಂದಳು, ಸುತ್ತಿ ಬಳಸಿ ಅಲ್ಲ, ನೆಟ್ಟಗೆ. ಮಂಜವ್ವ ಚಹಾದ ಬಸಿ ಮುಂದೆ ಸರಿಸಿದಳು.

"ಗಂಡನ ಹೆಸರ ಕೇಳಿದಿ, ಮಕ್ಕಳ ಹೆಸರ ಕೇಳಿದಿ. ನನ್ನ ಹೆಸರ ಕೇಳಿದ್ರ ಮುಗೀತಿತ್ತಲ್ಲ. ಮಂಜವ್ವ. ಎಷ್ಟ ಸಣ್ಣದೈತಿ ನೋಡು."

ಎಷ್ಟು ಸಣ್ಣದಿತ್ತೋ ಅಷ್ಟೇ ದೊಡ್ಡ ಕೆಲಸ ಅದಾಗಿತ್ತು. ಯಾಕೆಂದರೆ ಸಂಘದ ಖಾತೆಗಳೆಲ್ಲ ಗಂಡಸರ ಹೆಸರಿನಲ್ಲಿ. ಮಂಜವ್ವ ಎಂದರೆ ಯಾವ ಮಂಜವ್ವ, ಯಾರ ಮನೆ ಎಂದು ಲೈನಿಗೆ ಹೇಗೆ ತಿಳಿಯಬೇಕು? ಕಾಂಚನಾ ಕೂತು ಹೊಸದಾಗಿ ಹೆಣೆದಳು. ಮೊದಲನೆಯ ಸಲ ಮಾತ್ರ, ಖಾತೆ ಯಾರದು ಎಂಬುದನ್ನು ಹೆಂಗಸರು ಹೇಗೆ ಬೇಕೋ ಹಾಗೆ ಹೇಳಲಿ. ಒಡಪು ಹಾಕಲಿ, ನೆರೆಯವಳ ಕೈಯಲ್ಲಿ ಹೇಳಿಸಲಿ, ಬೇಕಾದವರು ನೇರ ಹೇಳಲಿ. ಅದನ್ನು ಮಷೀನಲ್ಲ, ಆ ಸೀಮೆಯದೇ ಹೆಣ್ಣುಮಗಳೊಬ್ಬಳು ಕೇಳಿ ಖಾತೆಗೆ ಜೋಡಿಸಲಿ. ಅಲ್ಲಿಂದ ಮುಂದೆ ಅವರವರ ಸ್ವಂತ ಹೆಸರೇ ಸಾಕು.

ಸಂಘದ ಸಭೆಗೆ ಇದನ್ನು ಒಯ್ದಾಗ ದೀಪಾವಳಿ ಬಾಗಿಲಿಗೆ ಬಂದಿತ್ತು. ಅಂದಾನಪ್ಪನವರು ತಲೆಯಾಡಿಸಿದರು. ಪದ ಕೇಳಲು ಒಬ್ಬರನ್ನು ಕೂಡಿಸುವುದೆಂದರೆ ಸಂಘವೇನು ಭಜನಾ ಮಂಡಳಿಯೇ? ಗಂಡನ ಹೆಸರು ಹೇಳದ ಕಾಲ ಹೋಯಿತು, ಈಗಿನವರು ಎಲ್ಲಾ ಹೇಳುತ್ತಾರೆ, ತೊಂದರೆ ಬೇರೆ ಏನೋ ಇದೆ. ಕಂಪನಿಯವರಿಗೆ ಮಾತು ಕೊಟ್ಟುಬಿಡೋಣ.

ಕಾಂಚನಾ ಎದ್ದು ನಿಂತಳು.

"ಕಾಕಾರ, ಒಂದ ಮಾತ. ಮನ್ಯಾಗ ಚಿಗವ್ವಗ ಹೇಳ್ರಿ, ಹಳೇ ಲೈನಿಗೆ ಒಂದ ಸಲ ಫೋನ್ ಹಚ್ಚು ಅಂತ. ನಾವೆಲ್ಲಾ ಇಲ್ಲೇ ಕೇಳೂಣು."

ಅಂದಾನಪ್ಪನವರು ಹಿಂದೆ ಸರಿಯುವ ಪೈಕಿ ಅಲ್ಲ. ಕುರ್ತಕೋಟಿಗೆ ಫೋನು ಹಚ್ಚಿ, ಹೆಂಡತಿ ಅನ್ನಪೂರ್ಣವ್ವನವರಿಗೆ ಹಾಗೇ ಹೇಳಿದರು. ಎಲ್ಲರೂ ಕೇಳುತ್ತಿದ್ದಾರೆ ಎಂದೂ ಹೇಳಿದರು. ಸ್ವಲ್ಪ ಹೊತ್ತಿಗೆ ಕಾಂಚನಾಳ ಲ್ಯಾಪ್‌ಟಾಪಿನಲ್ಲಿ ಕರೆ ಬಂತು. ಖಾತೆ ಯಾರ ಹೆಸರಲೆ ಐತಿ, ಹೇಳ್ರಿ. ಬಳೆ ಸದ್ದು. ಒಂದು ಕೆಮ್ಮು. ಕಟ್.

ನೆಟ್‌ವರ್ಕ್ ಹೋಯಿತೆಂದು ಅಂದಾನಪ್ಪನವರು ಮತ್ತೆ ಹಚ್ಚಿದರು. ಅನ್ನಪೂರ್ಣವ್ವನವರ ದನಿ ಕೋಣೆ ತುಂಬ ಕೇಳಿತು. "ಅದು ನಿಮ್ಮ ಹೆಸರ ಕೇಳತೈತ್ರಿ. ನಾ ಏನಂತ ಹೇಳಲಿ?"

ನಿರ್ದೇಶಕರೆಲ್ಲ ನಕ್ಕರು. ನಗು ಇಳಿಯುವಷ್ಟರಲ್ಲಿ ಕಾಂಚನಾ ಅನ್ನಪೂರ್ಣವ್ವನವರ ಹೆಸರನ್ನು ಅಧ್ಯಕ್ಷರ ಖಾತೆಗೆ ತಾನೇ ಜೋಡಿಸಿ, ಹೊಸ ಲೈನಿನ ನಂಬರು ಕೊಟ್ಟಳು. ಈ ಸಲ ಲೈನು ಕೇಳಿದ್ದು, ನಿಮ್ಮ ಹೆಸರ ಹೇಳ್ರಿ ಎಂದು.

"ಅನ್ನಪೂರ್ಣವ್ವ. ಕುರ್ತಕೋಟಿ," ಅಂದಿತು ದನಿ, ತಡಮಾಡದೆ. ಹೂಂ ಅಂದಿತು ಲೈನು. "ನಮ್ಮ ಕೆಂದ ಆಕಳ ಮುಂಜಾನಿಂದ ಮೇವ ಮುಟ್ಟಿಲ್ಲ. ಹೊಟ್ಟಿ ಉಬ್ಬೈತಿ. ಜಲ್ದಿ ಯಾರನ್ನರ ಕಳಸ್ರಿ."

ಈಗ ಯಾರೂ ನಗಲಿಲ್ಲ. ಅಂದಾನಪ್ಪನವರು ಹೆಗಲ ಮೇಲಿನ ಟವೆಲ್ಲು ಕೈಗೆ ತೆಗೆದುಕೊಂಡು, ಮಡಿಚಿ, ಬಿಚ್ಚಿ, ಮತ್ತೆ ಮಡಿಚಿದರು.

"ನನಗ ಹೇಳಲಿಲ್ಲ. ಆ ಲೈನಿಗೆ ಹೇಳಿದ್ಲು," ಅಂದರು. ಆಮೇಲೆ ಕಾಂಚನಾಳ ಕಡೆ ತಿರುಗಿ, "ಡಾಕ್ಟರ್ನ ಕಳಸವಾ. ಮತ್ತ ಆ ಕಂಪನಿಯವ್ರಿಗೆ ನಾ ಹೇಳ್ತೇನಿ, ಬ್ಯಾಡ ಅಂತ."

ಆಕಳು ಸಂಜೆಗೆ ಮೇವು ತಿಂದಿತು. ದೀಪಾವಳಿ ಪಾಡ್ಯದ ಮಧ್ಯಾಹ್ನ ಮರಿಯವ್ವನ ಎಮ್ಮೆಗೆ ಕರು ಅಡ್ಡ ತಿರುಗಿತು. ಲಕ್ಕಪ್ಪ ಊರಲ್ಲಿರಲಿಲ್ಲ. ಮರಿಯವ್ವ ಬಾಗಿಲ ಕಡೆ ನೋಡದೆ ಫೋನು ಹಚ್ಚಿದಳು, ತನ್ನ ಹೆಸರು ಹೇಳಿದಳು, ಹೂಂ ಕೇಳಿಸಿಕೊಂಡಳು. ಡಾಕ್ಟರ್ ಬಂದಾಗ ಹೊತ್ತು ಮೀರಿರಲಿಲ್ಲ. ಹೆಣ್ಣುಕರು. ಅದಕ್ಕೆ ಏನು ಹೆಸರಿಟ್ಟಳು ಎಂದರೆ ಕಾಂಚನಾ ಇವತ್ತಿಗೂ ಹುಸಿಕೋಪ ಮಾಡುತ್ತಾಳೆ, ಅದಕ್ಕೆ ನಾನೂ ಹೇಳುವುದಿಲ್ಲ.

ಸಂಘ ಶಿರಹಟ್ಟಿಯ ಹಾಲಿನ ಡೇರಿಯ ಮೇಲೆ ಒಂದು ಕೋಣೆ ಕೊಟ್ಟಿತು. ಅಲ್ಲಿ ಹೆಣ್ಣುಮಕ್ಕಳು ಪಾಳಿಯ ಮೇಲೆ ಕೂತು ಒಡಪು ಕೇಳುತ್ತಾರೆ, ಖಾತೆಗೆ ಜೋಡಿಸುತ್ತಾರೆ, ನಡುನಡುವೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಬೆಟಗೇರಿಯಲ್ಲಿ ಕೂತು ಶಿರಹಟ್ಟಿಯ ಬಾಯಿ ಕಾಣುವುದಿಲ್ಲ ಎಂಬುದನ್ನು ಕಾಂಚನಾ ಒಂದು ಸಲ ಕಲಿತಾಗಿತ್ತು. ಅಲ್ಲಿಗೇ ಹೋಗಿ ಇರೋಣ ಅಂದಳು. ಮೌನೇಶ ಎರಡನೆಯ ಮಾತು ಆಡಲಿಲ್ಲ. ಬೋರು ಇದ್ದಲ್ಲಿ ಮೋಟಾರು ಸುಡುತ್ತದೆ, ಮೋಟಾರು ಸುಟ್ಟಲ್ಲಿ ತನಗೆ ಅನ್ನ ಇದೆ ಅಂದ.

ಸಂಕ್ರಾಂತಿಯ ಎಳ್ಳು ಹಂಚಿದ ಮರುದಿನ ಸಾಮಾನೆಲ್ಲ ಟೆಂಪೋ ಹತ್ತಿತು. ಖಾಲಿ ಮನೆಯನ್ನು ಕಾಂಚನಾ ಒಂದು ಸಲ ಗುಡಿಸಿದಳು. ಕಿಟಕಿ ಮುಚ್ಚಿದಳು, ರೊಟ್ಟಿ ಆರತಾವ ಎಂದು ಕೂಗುತ್ತಿದ್ದ ಆ ಕಿಟಕಿ. ಚೀಲ ಹೆಗಲಿಗೆ ಹಾಕಿ ಮೆಟ್ಟಿಲು ಇಳಿದು ತಲಬಾಗಿಲಿಗೆ ಬಂದರೆ, ಜಾನಕೀಬಾಯಿಯವರು ಹೊಸ್ತಿಲ ಆಚೆ ನಿಂತು ಎರಡೂ ಕೈಯಿಂದ ಚೌಕಟ್ಟು ಹಿಡಿದಿದ್ದರು. ಅವರ ಹಿಂದೆ ಮಗ್ಗ ಬಿಟ್ಟು ಬಂದ ಓಣಿಯ ಹೆಂಗಸರು.

"ಬರೋವಾಗ ಹಂಗ ಬಿಟ್ವಿ. ಹೋಗೋವಾಗ ಬಿಡೂದಿಲ್ಲ. ಒಡಪು ಹೇಳು," ಅಂದರು ಜಾನಕೀಬಾಯಿ.

ದಿನಾ ಹೆಸರು ಕೂಗುವವಳಿಗೆ ಯಾಕೆ ಒಡಪು ಎಂದು ಕಾಂಚನಾ ನಕ್ಕಳು.

"ಕರಿಯೂದು ಬ್ಯಾರೆ. ಒಡಪು ಬ್ಯಾರೆ. ಶಿರಹಟ್ಟಿಯವ್ರದೆಲ್ಲಾ ಕೇಳ್ತಿ, ನಿಂದ ನಾವು ಕೇಳಬಾರದೇನು?"

ಹೊರಗೆ ಟೆಂಪೋ ಹಾರ್ನು ಬಾರಿಸಿತು. ಮೌನೇಶ ಕೂಗಿದ, "ಕಾಂಚನಾ, ಡ್ರೈವರ್ ಬೈಯಾಕತ್ತಾನ." ಹೆಂಗಸರು, ಬೈಯಲಿ ಬಿಡು ಅಂದರು. ಕಾಂಚನಾ ಸುತ್ತ ನೋಡಿದಳು. ಎಲ್ಲರ ಮುಖ ನೋಡಿದಳು, ಒಬ್ಬೊಬ್ಬರದಾಗಿ, ಬೆರಳಲ್ಲ. ಆಮೇಲೆ, ಸಿದ್ಧ ಮಾಡಿಕೊಂಡಿದ್ದಿಲ್ಲ ಎಂಬುದು ಗೊತ್ತಾಗುವ ಹಾಗೆ ತಡೆದು ತಡೆದು ಅಂದಳು:

"ಬೆಟಗೇರಿ ಮಗ್ಗದಾಗ ನೇಯ್ದಾರ ಮೂರ ಬಣ್ಣದ ಸೀರಿ,
ಮೌನೇಶರಾಯರ ಕೈ ಹಿಡದು ಹೊಂಟೇನಿ ಶಿರಹಟ್ಟಿ ದಾರಿ."

"ರಾಯರಂತ!" ಅಂದಳು ಹಿಂದಿನಿಂದ ಯಾರೋ, ಓಣಿ ನಕ್ಕಿತು.

"ಹೂಂ," ಅಂದರು ಜಾನಕೀಬಾಯಿ.

ಚೌಕಟ್ಟಿನ ಮೇಲಿದ್ದ ಅವರ ಬೆರಳು ಒಂದೊಂದಾಗಿ ಸಡಿಲಾದವು. ಕಾಂಚನಾ ಬಲಗಾಲಿಟ್ಟು ಹೊಸ್ತಿಲು ದಾಟಿದಳು.